ಮೊಬೈಲ್‌ನಾಗ ನಾಡಿ ಸಿಗ್ತದೇನು?

ಓಣಿಯೊಳಗ ಆಗಲಿ, ಲಗ್ನ ಮುಂಜಿವಿಯೊಳಗ ಆಗಲಿ, ಯಾರರೆ ಸಿಕ್ಕ್ರ ನನಗ ಒಂದು ಪ್ರಶ್ನಿ ಕೇಳೇ ಕೇಳತಾರ. "ಅಲ್ಲವಾ, ಕೊರೋನಾದಾಗ ಮೊಬೈಲ್ ನೋಡಿ ಕಲತ ಹುಡುಗರು ಈಗ ಡಾಕ್ಟರ್ ಆಗಿ ಕೂತಾರಂತ. ಅವರ ಕಡೆ ನಾವು ಹೆಂಗ ತೋರಿಸ್ಕೊಳ್ಳೋದು?" ನಮ್ಮ ಕಾಕು ನಗಚಾಟಿಗೆ ಕೇಳತಾರ. ಬಾಜೂ ಮನಿ ವೈನಿ ಮಾತ್ರ ಖರೇನ ಅಂಜಿ ಕೇಳತಾರ, ಯಾಕಂದ್ರ ಅವರಿಗೆ ಶುಗರ್ ಅದ, ತಿಂಗಳಿಗೊಮ್ಮೆ ದವಾಖಾನಿ ತಪ್ಪೂದಿಲ್ಲ.

ನಾ ಮೆಡಿಕಲ್ ಕಾಲೇಜಿನಾಗ ಫಿಸಿಯಾಲಜಿ ಕಲಸಾಕಿ. ಅಂದಮ್ಯಾಲೆ ಆ ಹುಡುಗರಿಗೆ ಮೊಬೈಲ್‌ನಾಗ ಪಾಠ ಹೇಳಿದವರೊಳಗ ನಾನೂ ಒಬ್ಬಾಕಿ. "ಏನೂ ಅಂಜಬ್ಯಾಡ್ರಿ" ಅಂತ ಒಂದ ಮಾತಿನಾಗ ಹೇಳಿಬಿಟ್ರ ಅದು ಪೂರ್ತಿ ಖರೆ ಅಲ್ಲ. "ಹೌದು, ಅಂಜ್ರಿ" ಅಂದ್ರ ಅದೂ ಖರೆ ಅಲ್ಲ. ಅದಕ್ಕ ಇಲ್ಲೆ ಸಾವಕಾಶ ಕೂತು ಬರೀಲಿಕತ್ತೇನಿ.

ಮೊದಲ ಫಿಸಿಯಾಲಜಿ ಅಂದ್ರ ಏನು ಅಂತ ಹೇಳಿಬಿಡತೇನಿ. ಎಂಬಿಬಿಎಸ್ ಮೊದಲನೇ ವರ್ಷ ಮೂರು ದೊಡ್ಡ ವಿಷಯ ಇರತಾವ. ದೇಹ ಹೆಂಗ ಕಟ್ಟಿದ್ದದ ಅನ್ನೋದು ಅನಾಟಮಿ, ಕಟ್ಟಿದ್ದು ಹೆಂಗ ನಡೀತದ ಅನ್ನೋದು ಫಿಸಿಯಾಲಜಿ, ನಡೀಬೇಕಂದ್ರ ಒಳಗ ಏನೇನು ರಸಾಯನದ ಕೆಲಸ ಆಗ್ತದ ಅನ್ನೋದು ಬಯೋಕೆಮಿಸ್ಟ್ರಿ. ಮನಿ ಲೆಕ್ಕದಾಗ ಹೇಳಬೇಕಂದ್ರ, ಅಡಗಿಮನ್ಯಾಗ ಒಲಿ ಎಲ್ಲೆ, ಮೋರಿ ಎಲ್ಲೆ ಅನ್ನೋದು ಅನಾಟಮಿ. ಆ ಒಲಿ ಮ್ಯಾಲೆ ಅನ್ನ ಹೆಂಗ ಆಗ್ತದ ಅನ್ನೋದು ನನ್ನ ವಿಷಯ.

2019ರಾಗ ದೇಶಕ್ಕೆಲ್ಲಾ ಎಂಬಿಬಿಎಸ್‌ಗೆ ಹೊಸಾ ಪಠ್ಯಕ್ರಮ ಬಂತು. ಪುಸ್ತಕ ಓದಿ ಪರೀಕ್ಷಾ ಬರದ್ರ ಸಾಲದು, ಇಂತಿಂಥಾ ಕೆಲಸ ಹುಡುಗರು ತಮ್ಮ ಕೈಲೆ ಮಾಡಿ ತೋರಸಬೇಕು, ಮಾಡಿದ್ದಕ್ಕ ಲಾಗ್‌ಬುಕ್ಕಿನಾಗ ನಮ್ಮ ಸಹಿ ಬೀಳಬೇಕು ಅನ್ನೋದು ಅದರ ತಿರುಳು. ಆ ಆಗಸ್ಟ್‌ನಾಗ ಬಂದ ಹುಡುಗರು ರಕ್ತದ ಪ್ರಯೋಗ ಎಲ್ಲಾ ಮುಗಿಸಿದ್ರು. ಬೆರಳು ಚುಚ್ಚಿ ಹನಿ ರಕ್ತ ತಗದು ಸೂಕ್ಷ್ಮದರ್ಶಕದ ಕೆಳಗ ಕಣ ಎಣಸೂದು, ಅಂಥಾವು. ಇನ್ನ ಮನುಷ್ಯಾರನ್ನ ಮುಟ್ಟಿ ನೋಡೂದು ಶುರು ಆಗಬೇಕಿತ್ತು: ನಾಡಿ, ಬಿಪಿ, ಎದಿ ಸಪ್ಪಳ, ಉಸಿರು, ನರದ ಪರೀಕ್ಷಾ. ಅಷ್ಟರಾಗ 2020ರ ಮಾರ್ಚ್ 25ಕ್ಕ ದೇಶಕ್ಕ ದೇಶನ ಬಾಗಲಾ ಹಾಕ್ಕೊಂತು. ಹಾಸ್ಟೆಲ್ ಖಾಲಿ ಆತು. ಹುಡುಗರು ಬ್ಯಾಗಿನಾಗ ಎರಡು ಜೋಡಿ ಅರಬಿ ತುರುಕ್ಕೊಂಡು ಊರಿಗೆ ಹೋದವರು ಡಿಸೆಂಬರ್ ತನಕಾ ತಿರುಗಿ ಬರಲಿಲ್ಲ.

ನಮ್ಮ ಮನ್ಯಾಗ ಕಾಲೇಜು ದೇವರ ಮನಿ ಬಾಜೂಕಿನ ಖೋಲಿಯೊಳಗ ತೆರೀತು. ಜ್ವಾಳದ ಹಿಟ್ಟಿನ ಡಬ್ಬಿ ಮ್ಯಾಲೆ ಇಡ್ಲಿ ಸ್ಟ್ಯಾಂಡು, ಅದರ ಸಂದ್ಯಾಗ ಮೊಬೈಲು, ಹಿಂದ ಮಗನ ಹಳೇ ಕರೀ ಹಲಗಿ. ಪುಕ್ಕಟೆ ಮೀಟಿಂಗು ನಲವತ್ತು ನಿಮಿಷಕ್ಕ ತಾನೇ ಮುಗೀತಿತ್ತು. ಹುಡುಗರ ಕಡೆ ದಿನಕ್ಕ ಇಷ್ಟ ಅಂತ ಡೇಟಾ. ಒಬ್ಬಾಂವ ಸಿಗ್ನಲ್ ಸಲುವಾಗಿ ಬಣವಿ ಮ್ಯಾಲೆ ಹತ್ತಿ ಕೂಡತಿದ್ದ, ಒಬ್ಬಾಕಿ ಊರ ಹೊರಗಿನ ಬೇವಿನ ಗಿಡದ ಕೆಳಗ. ಗಾಳಿ ಬಿಟ್ರ ನನ್ನ ಪಾಠ ಹಾರಿಹೋಗತಿತ್ತು.

ತಾಸುಗಟ್ಟಲೆ ಭಾಷಣ ಇಂಥಾದ್ರಾಗ ನಡಿಯೂದಿಲ್ಲ ಅಂತ ಎರಡ ವಾರದಾಗ ನಮಗೆಲ್ಲಾರಿಗೂ ತಿಳೀತು. ಅದಕ್ಕ ಒಂದೊಂದು ವಿಷಯಕ್ಕ ಹತ್ತು ನಿಮಿಷದ ಸಣ್ಣ ವಿಡಿಯೋ ಮಾಡಿ ವಾಟ್ಸಾಪ್‌ನಾಗ ಕಳಸೂದು, ಹುಡುಗರು ಸಿಗ್ನಲ್ ಬಂದಾಗ ಇಳಿಸ್ಕೊಂಡು ನೋಡೂದು, ಎಲ್ಲಾರೂ ಸೇರೋ ಹೊತ್ತಿನಾಗ ಬರೇ ಪ್ರಶ್ನಿ ಉತ್ತರ ಅಂತ ಮಾಡಿದ್ವಿ. ಪಾಠ ಮನ್ಯಾಗ, ಮನಿ ಅಭ್ಯಾಸ ಕ್ಲಾಸಿನ್ಯಾಗ ಅಂತ ತಿರುವಿ ಹಾಕಿದಂಗ.

ವಿಡಿಯೋಕ್ಕ ಪೇಶಂಟ್ ಬೇಕಲ್ಲಾ? ಮನ್ಯಾಗ ಸಿಗೂವರು ಯಾರು, ನಮ್ಮ ಅತ್ತಿಯವರು. ಬಿಪಿ ನೋಡೂದು ಹೆಂಗ ಅಂತ ತೋರಸಲಿಕ್ಕೆ ಅವರ ಕೈ ಕೇಳಿದೆ. "ನನ್ನ ಬಿಪಿ ಊರಿಗೆಲ್ಲಾ ಡಂಗುರ ಸಾರತೀ ಏನು?" ಅಂದ್ರು. ಮಾರಿ ಕಾಣೂದಿಲ್ಲ ಅತ್ತಿ, ಕೈಯಷ್ಟ ಕಾಣ್ತದ ಅಂತ ಒಪ್ಪಿಸಿದೆ. ಹಂಗಂದ್ರೂ ಹಸರು ಬಳಿ ಹಾಕ್ಕೊಂಡು ಬಂದು ಕೂತ್ರು. ಐದು ನಿಮಿಷ ಮಾತಾಡದ ಸುಮ್ಮನ ಕೂಡಬೇಕು, ಕೈ ಎದಿ ಮಟ್ಟಕ್ಕ ಇರಬೇಕು, ಮೊದಲ ನಾಡಿ ಹಿಡಕೊಂಡು ಪಟ್ಟಿ ಉಬ್ಬಿಸಿ ನಾಡಿ ಯಾವಾಗ ಹೋತು ಅಂತ ನೋಡಬೇಕು, ಆಮ್ಯಾಲೆ ಸ್ಟೆತಾಸ್ಕೋಪ್ ಇಡಬೇಕು ಅಂತ ಹೇಳತಾ ಹೋದೆ. ಆ ಐದು ನಿಮಿಷ ಸುಮ್ಮನ ಕೂಡೂದು ಅವರಿಗೆ ಎಲ್ಲಾಕ್ಕಿಂತ ಕಠಿಣ ಆತು.

ಎಲ್ಲಾ ಮುಗದ ಮ್ಯಾಲೆ ಅವರು ಒಂದು ಮಾತು ಅಂದ್ರು. "ಕೈ ಹಿಡಿಯೂಕಿಂತ ಮೊದಲ ಕೇಳಬೇಕಂತ ಹೇಳು ಆ ಹುಡುಗರಿಗೆ. ದವಾಖಾನಿಯೊಳಗ ಯಾರೂ ಕೇಳೂದಿಲ್ಲ ನೋಡು. ಸಂತಿಯೊಳಗ ಬದನಿಕಾಯಿ ಎತ್ತಿ ನೋಡಿದಂಗ ಕೈ ಎತ್ತತಾರ." ಆ ಮಾತನ್ನ ಅವರ ಬಾಯಿಲೆ ವಿಡಿಯೋದೊಳಗ ಇಟ್ಟೆ. ಹೊಸಾ ಪಠ್ಯಕ್ರಮದಾಗ ನಡವಳಿಕಿ, ನೀತಿ, ಮಾತಾಡೂ ರೀತಿ ಅಂತ ಒಂದು ಪಾಠನ ಅದ. ನಮ್ಮ ಬ್ಯಾಚಿಗೆ ಅದರ ಮೊದಲನೇ ಪಾಠ ಎಪ್ಪತ್ತೆಂಟು ವರ್ಷದ ನಮ್ಮ ಅತ್ತಿಯವರು ಹೇಳಿದ್ರು ಅಂತ ಅನಕೋರಿ. ಆಮ್ಯಾಲೆ ದಿನಾ ಕ್ಲಾಸ್ ಶುರು ಆಗೂ ಮುಂದ ಒಬ್ಬರಿಲ್ಲಾ ಒಬ್ಬರು "ಮೇಡಂ, ಅಜ್ಜಿ ಬಿಪಿ ಇವತ್ತ ಎಷ್ಟರಿ?" ಅಂತ ಕೇಳಾವರು.

ಎದಿ ಸಪ್ಪಳದ ಪಾಠ ಮಾತ್ರ ಮೊದಲ ಸಲ ಕೆಟ್ಟು ಕೂತು. ಸ್ಟೆತಾಸ್ಕೋಪಿಗೆ ಮೈಕ್ ಹಚ್ಚಿ ನಮ್ಮವರ ಎದಿ ಬಡಿತ ಕೇಳಸಲಿಕ್ಕೆ ಹ್ವಾದ್ರ ಹುಡುಗರಿಗೆ ಏನೂ ಕೇಳಸವಲ್ದು. ಕಾರಣ ಮಜಾ ಅದ. ಇಂಥಾ ಮೀಟಿಂಗ್ ಆ್ಯಪುಗಳು ಮನುಷ್ಯಾರ ಮಾತು ಬಿಟ್ಟು ಉಳದದ್ದೆಲ್ಲಾ ಗದ್ದಲ ಅಂತ ತಿಳದು ಅಳಿಸಿ ಹಾಕತಾವ. ಕುಕ್ಕರ್ ಸೀಟಿ, ಫ್ಯಾನಿನ ಸಪ್ಪಳ ಹೋಗಲಿ ಅಂತ ಮಾಡಿದ ವ್ಯವಸ್ಥಾ ಅದು. ಹೃದಯದ ಲಬ್-ಡಬ್ಬೂ ಅದರ ಲೆಕ್ಕದಾಗ ಗದ್ದಲನ! ಆ ವ್ಯವಸ್ಥಾ ಬಂದ್ ಮಾಡಿದ ಮ್ಯಾಲೂ ಮೊಬೈಲಿನ ಸಣ್ಣ ಸ್ಪೀಕರಿಗೆ ಅಷ್ಟು ದಪ್ಪ ದನಿ ಹೊರಗ ಹಾಕಲಿಕ್ಕೆ ಬರೂದಿಲ್ಲ. ಇಯರ್‌ಫೋನ್ ಹಾಕ್ಕೋರಿ ಅಂದ ಮ್ಯಾಲೆ ಅಷ್ಟಿಷ್ಟು ಕೇಳಿತು.

ಆದ್ರ ಛೋಲೋದೂ ಭಾಳ ಆತು, ಅದನ್ನೂ ಹೇಳಬೇಕು. ಇಸಿಜಿ ಪಾಠ ಮೊಬೈಲ್‌ನಾಗ ಕ್ಲಾಸಿಗಿಂತ ಛೊಲೋ ಆತು. ಇಸಿಜಿ ಅಂದ್ರ ಕಾಗದದ ಮ್ಯಾಲಿನ ಗೆರಿ, ಅದನ್ನ ನೋಡಲಿಕ್ಕೆ ಕಣ್ಣು ಸಾಕು. ಸಣ್ಣ ಚೌಕ ಎಣಿಸಿ ಬಡಿತದ ಲೆಕ್ಕ ಹಾಕೂದನ್ನ ಹುಡುಗರು ವಿಡಿಯೋ ನಿಲ್ಲಿಸಿ, ಹಿಂದ ಸರಿಸಿ, ಮತ್ತ ಮತ್ತ ನೋಡಿ ಕಲತ್ರು. ನನ್ನ ಬಾಯಿ ನೂರಾ ಐವತ್ತು ಮಂದಿ ಸಲುವಾಗಿ ಅಷ್ಟು ಸಲ ಹಿಂದ ಸರೀತದೇನು? ಇನ್ನೊಂದು, ಕ್ಲಾಸಿನ್ಯಾಗ ಏಳು ತಿಂಗಳು ಒಮ್ಮೆನೂ ಕೈ ಎತ್ತದ ಹುಡುಗ್ಯಾರು ಅಲ್ಲೆ ಟೈಪ್ ಮಾಡಿ ಪ್ರಶ್ನಿ ಕೇಳಲಿಕತ್ರು. ಕನ್ನಡ ಶಾಲ್ಯಾಗ ಕಲತು ಬಂದ ಮಕ್ಕಳಿಗೆ ಎಲ್ಲಾರ ಮುಂದ ಎದ್ದು ಇಂಗ್ಲೀಷಿನಾಗ ಮಾತಾಡೂ ಅಂಜಿಕಿ ಇರತದ. ಬರಿಯೂದಕ್ಕ ಆ ಅಂಜಿಕಿ ಇಲ್ಲ. ಅವರ ಪ್ರಶ್ನಿ ಓದಿದಾಗ ಇವರಿಗೆ ಇಷ್ಟು ತಿಳೀತದ ಅಂತ ನಮಗ ಗೊತ್ತಾತು.

ಅನಾಟಮಿ ಕಲಸೂ ನನ್ನ ಗೆಳತಿಗೆ ನಮಗಿಂತ ದೊಡ್ಡ ಪಜೀತಿ. ದೇಹದ ಚಿತ್ರಕ್ಕ ಕಂಪ್ಯೂಟರಿನಾಗ ಕೊರತಿ ಇಲ್ಲ. ಅಮೆರಿಕಾದಾಗ 1990ರ ದಶಕದಾಗನ ದೇಹದಾನ ಮಾಡಿದ ಒಬ್ಬ ಗಂಡಸು, ಒಬ್ಬ ಹೆಂಗಸಿನ ದೇಹಾನ ತೆಳ್ಳಗ ಪದರ ಪದರ ಮಾಡಿ ಫೋಟೋ ತಗದು ಎಲ್ಲಾರಿಗೂ ಸಿಗೂವಂಗ ಇಟ್ಟಾರ. ಆದ್ರ ಆಕಿ ಹೇಳೂದು ಏನಂದ್ರ, "ಪಾಠದ ಚಿತ್ರದಾಗ ರಕ್ತನಾಳ ಒಂದು ಕೆಂಪು, ಒಂದು ನೀಲಿ, ನರ ಹಳದಿ. ಖರೇ ದೇಹದಾಗ ಎಲ್ಲಾ ಒಂದ ನಮೂನಿ ಮಾಸಿದ ಬಣ್ಣ. ಯಾವುದು ಯಾವುದು ಅಂತ ಬೆರಳಿಗೆ ತಿಳೀಬೇಕು, ಕಣ್ಣಿಗಲ್ಲ." ಛೇದನದ ಟೇಬಲ್ ಮ್ಯಾಲಿನ ದೇಹಕ್ಕ ನಮ್ಮಲ್ಲೆ ಮೊದಲನೇ ಗುರು ಅಂತಾರ. 2010ರಾಗ ಬೆಳಗಾವಿಯೊಳಗ ಡಾ. ಮಹಾಂತೇಶ ರಾಮಣ್ಣವರ ಅವರು ದೇಹದಾನ ಮಾಡಿದ್ದ ತಮ್ಮ ತಂದಿಯವರ ದೇಹಾನ ತಾವೇ ಛೇದನ ಮಾಡಿ ತೋರಿಸಿದ್ದು ನಿಮ್ಮೊಳಗ ಕೆಲವರಿಗೆ ನೆನಪಿರಬೇಕು. ಆ ಗುರುವಿನ ಜಾಗಾಕ್ಕ ಪರದೆ ಬರಲಿಕ್ಕೆ ಆಗೂದಿಲ್ಲ.

ಕಲಿಯೂದಕ್ಕ ನಾಕು ಮೆಟ್ಟಲಾ ಅದಾವ ಅಂತ ಜಾರ್ಜ್ ಮಿಲ್ಲರ್ ಅನ್ನಾವರು 1990ರಾಗ ಬರದಿದ್ರು. ವೈದ್ಯಕೀಯ ಕಲಸೂವರು ಎಲ್ಲಾರೂ ಅದನ್ನ ಬಾಯಿಪಾಠ ಮಾಡಿರತೇವಿ. ನಾ ಅದನ್ನ ಹೋಳಿಗಿ ಲೆಕ್ಕದಾಗ ಹೇಳತೇನಿ. ಹೋಳಿಗಿಗೆ ಕಡ್ಲಿಬ್ಯಾಳಿ, ಬೆಲ್ಲ, ಕಣಕ ಬೇಕು ಅಂತ ಗೊತ್ತಿರೂದು ಒಂದನೇ ಮೆಟ್ಟಲಾ. ಹೂರಣ ಹೆಂಗ ಅರಿಬೇಕು, ಕಣಕ ಎಷ್ಟು ನಾದಬೇಕು ಅಂತ ಹೇಳಲಿಕ್ಕೆ ಬರೂದು ಎರಡನೇದು. ಅತ್ತಿ ಮುಂದ ನಿಂತು ಒಂದು ಹೋಳಿಗಿ ಹರೀಲಾರದಂಗ ಲಟ್ಟಿಸಿ ತೋರಸೂದು ಮೂರನೇದು. ಲಗ್ನದ ಮನ್ಯಾಗ ಯಾರ ನೋಡಲಿ ಬಿಡಲಿ, ಐವತ್ತು ಮಂದಿಗೆ ಮಾಡಿ ಬಡಸೂದು ನಾಕನೇದು. ಮೊಬೈಲು ಮೊದಲಿನ ಎರಡು ಮೆಟ್ಟಲಾ ಲಗೂನ ಹತ್ತಸ್ತದ, ಕೆಲವೊಮ್ಮೆ ನಮಗಿಂತ ಛೊಲೋ ಹತ್ತಸ್ತದ. ಮೂರನೇದಕ್ಕ ಎದುರಿಗೆ ಮನುಷ್ಯಾರು ಬೇಕು. ಒಂದು ಕೈ, ಒಂದು ಬೆನ್ನು, ಒಂದು ಮೊಣಕಾಲು ಬೇಕು.

ಹುಡುಗರು ದವಾಖಾನಿಗೆ ಬರಲಿಕ್ಕೆ ಆಗೂದಿಲ್ಲ, ಆದ್ರ ಅವರ ಮನ್ಯಾಗ ಮಂದಿ ಅದಾರಲ್ಲಾ ಅಂತ ನಾವು ಮನಿಯೊಳಗನ ಪ್ರಯೋಗಶಾಲಾ ಮಾಡಿದ್ವಿ.

ಮೊದಲನೇದು ವಾಸನಿ ಪರೀಕ್ಷಾ. ಮನಿಯವರ ಕಣ್ಣು ಮುಚ್ಚಿಸಿ, ಒಂದು ಮೂಗಿನ ಹೊಳ್ಳಿ ಒತ್ತಿ ಹಿಡಿಸಿ, ಇನ್ನೊಂದರ ಹತ್ರ ಕಾಫಿ ಪುಡಿ, ಲವಂಗ, ಯಾಲಕ್ಕಿ ಒಂದೊಂದ ಹಿಡೀಬೇಕು. ನೆಗಡಿಗೆ ಹಚ್ಚೂ ಘಾಟಿನ ಮುಲಾಮು ಮಾತ್ರ ಬ್ಯಾಡ. ಅದರ ಉರಿ ಮೂಗಿಗೆ ತಿಳಿಯೂದು ವಾಸನಿಯ ನರದಿಂದ ಅಲ್ಲ, ಮಾರಿಗೆ ಸ್ಪರ್ಶ ತಿಳಸೂ ಬ್ಯಾರೆ ನರದಿಂದ. ವಾಸನಿ ಪೂರ್ತಿ ಹೋದವರಿಗೂ ಆ ಘಾಟು ಗೊತ್ತಾಗ್ತದ, ಪರೀಕ್ಷಾ ಸುಳ್ಳ ಹೇಳತದ. ಆ ವರ್ಷ ಕೊರೋನಾದಿಂದ ವಾಸನಿ ಹೋದವರು ಎಷ್ಟು ಮಂದಿ ಇದ್ರು ಅಂತ ನಿಮಗ ಗೊತ್ತದ. ಹುಡುಗರಿಗೆ ಆ ಪಾಠ ಮರಿಯೂದಿಲ್ಲ.

ಎರಡನೇದು ಉಸಿರು ಎಣಸೂದು. "ನಿಮ್ಮ ಉಸಿರು ಎಣಸ್ತೇನಿ" ಅಂತ ಹೇಳಿದ್ರ ಯಾರೂ ಸಹಜ ಉಸಿರಾಡೂದಿಲ್ಲ. ಅದಕ್ಕ ನಾಡಿ ಹಿಡದಂಗ ಕೈ ಹಿಡಕೊಂಡು, ಕಣ್ಣು ಮಾತ್ರ ಹೊಟ್ಟಿ, ಎದಿ ಏರಿಳಿಯೂದರ ಮ್ಯಾಲೆ ಇಡಬೇಕು.

ಮೂರನೇದು ನಿಮಗೆಲ್ಲಾ ಬರೂದ. ಡಬ್ಬಿಯೊಳಗ ಜ್ವಾಳ ಎಷ್ಟು ಉಳದದ ಅಂತ ಮುಚ್ಚಳಾ ತಗೀದನ ಹೆಂಗ ನೋಡತೀರಿ? ಹೊರಗಿಂದ ಬಡದು ನೋಡತೀರಿ. ಖಾಲಿ ಇದ್ದಲ್ಲೆ ಡಣಡಣ, ಕಾಳು ಇದ್ದಲ್ಲೆ ಮಂದ ದನಿ. ಎದಿ ಬಡದು ನೋಡೂ ಪರೀಕ್ಷಾ ಹುಟ್ಟಿದ್ದೂ ಹಿಂಗ. ಆಸ್ಟ್ರಿಯಾದ ಆವೆನ್‌ಬ್ರುಗರ್ ಅನ್ನೋ ಡಾಕ್ಟರ್ ಖಾನಾವಳಿ ನಡಸೂವರ ಮಗ. ಪೀಪಾಯಿ ಬಡದು ಒಳಗ ವೈನು ಎಲ್ಲಿತನಕ ಅದ ಅಂತ ನೋಡೂದು ಅವರ ಮನಿ ರೂಢಿ. ಎದಿಯೊಳಗ ನೀರು ತುಂಬಿದ್ರೂ ಹಂಗ ದನಿ ಬದಲಾಗ್ತದ ಅಂತ 1761ರಾಗ ಪುಸ್ತಕ ಬರದ. ನಮ್ಮ ಹುಡುಗರಿಗೆ ನಾ ಅಂದೆ, ಅವ್ವನ ಅರ್ಧ ತುಂಬಿದ ಡಬ್ಬಿ ತಗೋರಿ, ಎಡಗೈ ನಡುವಿನ ಬೆರಳು ಅದರ ಮ್ಯಾಲೆ ಒತ್ತಿ ಇಡ್ರಿ, ಬಲಗೈ ನಡುಬೆರಳ ತುದೀಲೆ ಅದರ ಮ್ಯಾಲೆ ಬಡೀರಿ, ಕೈ ಮಣಿಕಟ್ಟಿನಿಂದ ಆಡಬೇಕು, ಕಣ್ಣು ಮುಚ್ಚಿ ಜ್ವಾಳ ಎಲ್ಲಿತನಕ ಅದ ಹೇಳ್ರಿ. ನೂರಾ ಐವತ್ತು ಮನ್ಯಾಗ ಡಬ್ಬಿ ಬಡದ ಸಪ್ಪಳ. ಒಬ್ಬ ಹುಡುಗನ ಅವ್ವ "ನಾ ಬೆರಳ ತುದೀಲೆ ಮುಟ್ಟಿದ್ರ ಸಾಕು ಹೇಳತೇನಲ್ಲೋ, ಇದಕ್ಕ ಡಾಕ್ಟರಕಿ ಓದಬೇಕೇನು?" ಅಂದಳಂತ.

ಇಷ್ಟೆಲ್ಲಾ ನಗಿ ನಡದಿತ್ತು. ಆದ್ರ ಒಬ್ಬ ಹುಡುಗಿ ಹೆಸರಿನ ಮುಂದ ನನಗ ದಿನಾ ಕಣ್ಣು ನಿಲ್ಲತಿತ್ತು. ಗದಗಿನ ಕಡೆ ಒಂದು ಹಳ್ಳಿಯಾಕಿ. ಊರಿಗೇ ಮೊದಲನೇ ಮೆಡಿಕಲ್ ಸೀಟು ತಗೊಂಡು ಬಂದಾಕಿ, ಕ್ಲಾಸಿನ್ಯಾಗ ಮುಂದಿನ ಬೆಂಚು. ಆನ್‌ಲೈನ್ ಆದ ಮ್ಯಾಲೆ ಹಾಜರಿಯೊಳಗ ಹೆಸರು ಇರತಿತ್ತು, ಕರದ್ರ ಉತ್ತರ ಇಲ್ಲ. ವಾರದ ಪರೀಕ್ಷಾದಾಗ ಅಂಕ ಇಳಕೋತ ಹೋದ್ವು. ಒಂದಿನಾ ಮನಿಗೆ ಫೋನ್ ಮಾಡಿದೆ. ಅವರ ಅವ್ವ ಎತ್ತಿದಳು.

"ಅಕ್ಕಾರ, ಆಕಿ ಮನ್ಯಾಗ ಅದಾಳ್ರಿ, ಎಲ್ಲೂ ಹೋಗಿಲ್ರಿ. ಕಿವ್ಯಾಗ ಅದನ್ನ ಹಾಕ್ಕೊಂಡ ರೊಟ್ಟಿ ಬಡೀತಾಳ್ರಿ. ಪಾಠ ಕೇಳತೈತಲ್ರಿ."

ಆ ಅವ್ವನ ಮ್ಯಾಲೆ ನನಗ ಸಿಟ್ಟು ಬರಲಿಲ್ಲ. ಗೋವಾಕ್ಕ ದುಡೀಲಿಕ್ಕೆ ಹೋಗಿದ್ದ ಕಾಕಾನ ಸಂಸಾರನೂ ಊರಿಗೆ ಬಂದು ಮನ್ಯಾಗ ಹನ್ನೊಂದು ಮಂದಿ ಆಗಿದ್ರು. ದಿನಕ್ಕ ಅರವತ್ತು ಎಪ್ಪತ್ತು ರೊಟ್ಟಿ. ಹುಡುಗಿ ಹಾಸ್ಟೆಲಿನಾಗ ಇದ್ದಾಗ ಕಾಲೇಜಿಗೆ ಹೋಗ್ಯಾಳ ಅಂತ ಎಲ್ಲಾರಿಗೂ ಗೊತ್ತು. ಮನ್ಯಾಗ ಕೂತಾಕಿ ಕಾಲೇಜಿನಾಗ ಇದ್ದಾಳ ಅಂತ ಯಾರಿಗೆ ಅನಸ್ತದ? ಆಕಿ ಅಣ್ಣಗೂ ಆಗ ಆನ್‌ಲೈನ್ ಪಾಠ ಇತ್ತು, ಬಿಕಾಂ. ಅಂವ ಮಾಳಿಗಿ ಮ್ಯಾಲೆ ಕೂತು ಕೇಳತಿದ್ದ. ಅವಂಗ ರೊಟ್ಟಿ ಬಡಿ ಅಂತ ಯಾರೂ ಅನ್ನಲಿಲ್ಲ.

ಆ ಅವ್ವಗ ನಾ ಇಷ್ಟ ಕೇಳಿದೆ. "ದಿನಾ ಬೆಳಗಿನ ಹತ್ತರಿಂದ ಹನ್ನೊಂದು ಆಕಿ ನನ್ನ ಕಡೆ ಇರಲೆವಾ. ಮತ್ತ ಮನ್ಯಾಗ ಹಿರೇರು ಯಾರರೆ ಇದ್ರ, ಆಕಿಗೆ ಒಂದು ನಿಮಿಷ ಕೈ ಹಿಡೀಲಿಕ್ಕೆ ಕೊಡ್ರಿ. ಅದೂ ಪಾಠನ."

ಮುಂದಿನ ವಾರದ ಕೆಲಸ ನಾಡಿ. ಹೆಬ್ಬೆರಳಿನ ಬುಡದಿಂದ ಕೆಳಗ ಮಣಿಕಟ್ಟಿನ ಮ್ಯಾಲೆ ಮೂರು ಬೆರಳಿಡಬೇಕು. ಪೂರಾ ಒಂದು ನಿಮಿಷ ಎಣಿಸಬೇಕು, ಹದಿನೈದು ಸೆಕೆಂಡ್ ಎಣಿಸಿ ನಾಕ್ಪಟ್ಟು ಮಾಡೂ ಹಂಗಿಲ್ಲ. ಎಷ್ಟು ಸಲ ಅನ್ನೋದಷ್ಟ ಅಲ್ಲ, ತಾಳ ಸಮ ಅದನೋ ಇಲ್ಲೋ, ತುಂಬಿ ಬರತದೋ ಸೋತು ಬರತದೋ, ನಾಳ ಮೆತ್ತಗ ಅದನೋ ಬಿರುಸು ಅದನೋ ಅಂತ ಬರೀಬೇಕು. ಒಂದು ಸಂಜಿಮುಂದ ಆ ಹುಡುಗಿ ಫೋನ್ ಮಾಡಿದ್ಲು.

"ಮೇಡಂ, ನಮ್ಮ ಆಯಿ ನಾಡಿ ಎಣಿಸಾಕ ಬರವಲ್ದರಿ. ನಾಕು ಸಲ ಎಣಿಸಿದೆ, ನಾಕೂ ಸಲ ಬ್ಯಾರೆ ಬ್ಯಾರೆ ಬಂತ್ರಿ. ನನಗ ಹಿಡಿಯಾಕ ಬರವಲ್ದೋ ಏನೋ."

ಎದುರಿಗೆ ಇದ್ದಿದ್ರ ಆ ಇನ್ನೊಂದು ಕೈ ನಾನು ಹಿಡೀತಿದ್ದೆ, ಹತ್ತು ಸೆಕೆಂಡಿನಾಗ ಗೊತ್ತಾಗತಿತ್ತು. ಪರದೆ ಮ್ಯಾಲೆ ಬೆರಳಿಟ್ರ ಗಾಜು ಹತ್ತತದ, ನಾಡಿ ಹತ್ತೂದಿಲ್ಲ. ಏನು ಮಾಡಬೇಕು? ಈ ಯಂತ್ರ ಮನುಷ್ಯಾರ ಮಾತೊಂದ ಬಿಟ್ಟಕೊಡತದ ಅನ್ನೋದು ನೆನಪಾತು. "ಮತ್ತ ನಾಡಿ ಹಿಡಿ. ಎಣಿಸಬ್ಯಾಡ. ಒಂದೊಂದು ಬಡಿತ ಬೆರಳಿಗೆ ಹತ್ತಿದಾಗ ಬಾಯಿಲೆ ಟಕ್ ಅನ್ನು, ಅಷ್ಟ" ಅಂದೆ.

ಆಕಿ ಶುರು ಮಾಡಿದ್ಲು. ಟಕ್. ಟಕ್ ಟಕ್. ಸ್ವಲ್ಪ ಹೊತ್ತು ಏನೂ ಇಲ್ಲ. ಟಕ್. ಟಕ್ ಟಕ್ ಟಕ್. ಮತ್ತ ಸುಮ್ಮನ. ಟಕ್.

ಒಂದು ನಿಮಿಷ ಪೂರಾ ಕೇಳಿದೆ. ಎಲ್ಲೂ ಒಂದು ಲೆಕ್ಕಕ್ಕ ಕೂಡಲಿಲ್ಲ. ಆಗೀಗ ಒಂದು ಬಡಿತ ತಪ್ಪೂದು ಬ್ಯಾರೆ, ಅದು ಭಾಳ ಮಂದಿಗೆ ಇರತದ. ಇದು ಹಂಗಲ್ಲ, ತಾಳನ ಇಲ್ಲ. "ನಿನ್ನ ಬೆರಳು ಸರಿ ಹಿಡದಾವ" ಅಂತ ಆಕಿಗೆ ಅಂದೆ. ಫೋನಿನಾಗ ರೋಗದ ಹೆಸರು ಹೇಳಲಿಲ್ಲ, ಅದು ಹೇಳಬೇಕಾದದ್ದು ಇಸಿಜಿ. ತಡಾ ಮಾಡದ ಆಯಿನ್ನ ತಾಲೂಕು ದವಾಖಾನಿಗೆ ಕರಕೊಂಡು ಹೋಗ್ರಿ, ಇಸಿಜಿ ತಗಸ್ರಿ ಅಂತ ಅವ್ವಗ, ಅಪ್ಪಗ ಇಬ್ಬರಿಗೂ ಹೇಳಿದೆ. ಲಾಕ್‌ಡೌನ್ ಸ್ವಲ್ಪ ಸಡಲಾಗಿತ್ತು, ಮರುದಿನ ಯಾರದೋ ಟಂಟಂನ್ಯಾಗ ಹೋದ್ರು.

ಇಸಿಜಿಯೊಳಗ ಸಿಕ್ಕಿತು. ಹೃದಯದ ಮ್ಯಾಲಿನ ಎರಡು ಕೋಣಿ ಸರಿಯಾಗಿ ಬಡಿಯೂದು ಬಿಟ್ಟು ಬರೇ ಕಂಪಿಸ್ಲಿಕತ್ತಿದ್ವು. ಇದಕ್ಕ ಏಟ್ರಿಯಲ್ ಫಿಬ್ರಿಲೇಶನ್ ಅಂತಾರ. ವಯಸ್ಸಾದವರೊಳಗ ಕಾಣಸ್ಕೊಳ್ಳೂದು, ಎಷ್ಟೋ ಸಲ ಅವರಿಗೆ ಏನೂ ತ್ರಾಸ ಅನಸೂದಿಲ್ಲ. ಆದ್ರ ಕಂಪಿಸೂ ಕೋಣಿಯೊಳಗ ರಕ್ತ ನಿಂತು ಗಡ್ಡಿ ಕಟ್ಟಬಹುದು. ಆ ಗಡ್ಡಿ ಮಿದುಳಿಗೆ ಹೋದ್ರ ಲಕವಾ. ಅವರಿಗೆ ರಕ್ತ ಗಡ್ಡಿ ಕಟ್ಟದಂಗ ಗುಳಿಗಿ ಶುರು ಮಾಡಿದ್ರು. "ಎದಿ ಢವಢವ ಅಂದ್ರ ವಯಸ್ಸಾತು ಅಂತ ಸುಮ್ನಿದ್ದೆ" ಅಂದಳಂತ ಆಯಿ.

ಆಮ್ಯಾಲೆ ಆ ಮನ್ಯಾಗ ಹತ್ತರಿಂದ ಹನ್ನೊಂದು ಯಾರೂ ಆಕಿನ್ನ ಕರೀಲಿಲ್ಲ. ಹಂಗಂತ ಎಲ್ಲಾ ಒಮ್ಮೆಲೆ ಬದಲಾತು ಅಂತ ಹೇಳೂದಿಲ್ಲ. ಸಂಜಿ ರೊಟ್ಟಿ ಆಕಿದ ಇತ್ತು, ಅಣ್ಣ ಮಾಳಿಗಿ ಇಳೀಲಿಲ್ಲ. ಒಂದು ತಾಸು ಸಿಕ್ಕಿತು, ಆ ಒಂದು ತಾಸಿನಾಗ ಆಕಿ ಅಂಕ ಮ್ಯಾಲೆ ಬಂದ್ವು.

ಇದರಿಂದ ನನಗ ತಿಳದದ್ದು ಒಂದು. ಆನ್‌ಲೈನ್ ಪಾಠ ಮೊಬೈಲಿನ್ಯಾಗ ನಡಿಯೂದಿಲ್ಲ, ಮನ್ಯಾಗ ನಡೀತದ. ಕಾಲೇಜು ಕಟ್ಟಡ ಮಾಡೂ ಕೆಲಸ, ಅಂದ್ರ ನಾಕು ಗ್ವಾಡಿ ಕೊಡೂದು, ಹೊತ್ತು ಕೊಡೂದು, ಕಲೀಲಿಕ್ಕೆ ಒಂದು ಮೈ ಕೊಡೂದು, ಆ ಎಲ್ಲಾ ಕೆಲಸ ಮನಿ ಮಂದಿ ತಲಿ ಮ್ಯಾಲೆ ಬಂತು. ಕೊಟ್ಟವರ ಮನಿ ಮಕ್ಕಳು ಕಲತ್ರು. ಒಂದ ಫೋನಿನಾಗ ಮೂರು ಮಕ್ಕಳು ಓದೋ ಮನ್ಯಾಗ, ಹಿರೇರು ಯಾರೂ ಇಲ್ಲದ ಮನ್ಯಾಗ, ಕೊಡಲಿಕ್ಕೆ ಮನಸಿದ್ರೂ ಆಗಲಿಲ್ಲ. ಅವರು ಹಿಂದ ಬಿದ್ರು. ಅದು ಆ ಮಕ್ಕಳ ಬುದ್ಧಿ ಕೊರತಿ ಅಲ್ಲ.

ಡಿಸೆಂಬರ್‌ನಾಗ ಹುಡುಗರು ತಿರುಗಿ ಬಂದ್ರು. ಮಾರಿಗೆ ಮಾಸ್ಕು, ಬ್ಯಾಚು ಬ್ಯಾಚು ಮಾಡಿ ಪ್ರಯೋಗ. ಯಾರು ಮನ್ಯಾಗ ಕೈ ಹಿಡದು ಬಂದಾರ, ಯಾರು ಬರೇ ವಿಡಿಯೋ ನೋಡಿ ಬಂದಾರ ಅಂತ ಮೊದಲನೇ ದಿನಾನ ಗೊತ್ತಾತು. ಹಿಡದು ಬಂದವರ ಬೆರಳು ನಾಡಿ ಹುಡುಕೂದಿಲ್ಲ, ನೆಟ್ಟಗ ಅಲ್ಲೆ ಹೋಗಿ ಕೂಡತದ. ಆದ್ರ ಬಿಪಿ ವಿಷಯದಾಗ ಎಲ್ಲಾರೂ ಒಂದ. ಆ ಮಷೀನು ಮನ್ಯಾಗ ಎಲ್ಲೆ ಇರತದ? ಪಟ್ಟಿಯ ಗಾಳಿ ಬಿಡೋ ತಿರುಪಣಿ ಎಷ್ಟು ಸಾವಕಾಶ ತಿರುಗಿಸಬೇಕು ಅಂತ ಕೈಗೆ ಗೊತ್ತಿಲ್ಲ. ರಷ್ಯಾದ ಕೊರೊಟ್‌ಕಾಫ್ 1905ರಾಗ ಹೇಳಿದ ಆ ಟಕ್ ಟಕ್ ಸಪ್ಪಳ ಕಿವಿಗೆ ಬೀಳೂದರೊಳಗ ಪಾರಾ ಇಳದು ಹೋಗಿರತಿತ್ತು. ನಾ ಹೇಳಿದ ಹುಡುಗಿಗೂ ಅದು ಸರಿ ಬರಲಿಕ್ಕೆ ಮೂರು ವಾರ ಹಿಡೀತು. ಸಂಜಿಮುಂದ ಲ್ಯಾಬ್ ತೆಗದಿಟ್ಟು, ಒಬ್ಬರ ಕೈ ಒಬ್ಬರಿಗೆ ಕೊಟ್ಟು, ಮತ್ತ ಮತ್ತ ಮಾಡಿಸಿದ್ವಿ. ಬಂದ ಮ್ಯಾಲೇನ ಲಾಗ್‌ಬುಕ್ಕಿಗೆ ಸಹಿ.

ಒಂದು ಮಾತ್ರ ಆ ಬ್ಯಾಚು ಉಳದವರಿಗಿಂತ ಛೊಲೋ ಮಾಡತಿತ್ತು. ಯಾರದ ಕೈ ಹಿಡಿಯೂ ಮುಂದೂ "ಹಿಡೀಲೇನ್ರಿ?" ಅಂತ ಕೇಳತಿದ್ರು. ವಾರ್ಡಿನಾಗ ನರ್ಸಮ್ಮ ಒಬ್ಬರು "ಇವರಿಗೆ ಯಾರ ಕಲಿಸ್ಯಾರ್ರಿ ಇದನ್ನ?" ಅಂತ ಕೇಳಿದಾಗ ನಾ ನಕ್ಕೆ. ಮನಿಗೆ ಬಂದು ಅತ್ತಿಯವರಿಗೆ ಹೇಳಿದೆ. ಅವರು ಬಳಿ ಸರಿ ಮಾಡ್ಕೊಂಡ್ರು.

ಅಂದಮ್ಯಾಲೆ ವೈನಿ, ನಿಮ್ಮ ಪ್ರಶ್ನಿಗೆ ಉತ್ತರ ಇದು. ಆ ಹುಡುಗರ ಐದೂವರೆ ವರ್ಷದ ಓದಿನಾಗ ಕೈ ಕೆಲಸ ತಪ್ಪಿದ್ದು ಎಂಟು ತಿಂಗಳು. ಆಮ್ಯಾಲೆ ವಾರ್ಡು, ಕಡೀಕ ಒಂದು ವರ್ಷದ ಇಂಟರ್ನ್‌ಶಿಪ್ಪು ಎಲ್ಲಾ ಪೇಶಂಟ್ ಎದುರಿಗೇ ಆಗೇದ. ಮೊಬೈಲ್‌ನಾಗ ಕಲತಾರ ಅಂತ ಅಂಜಬ್ಯಾಡ್ರಿ. ಯಾರರೆ ಒಬ್ಬರು ಬರೇ ಮೊಬೈಲ್‌ನಾಗಷ್ಟ ಕಲತು ಡಾಕ್ಟರ್ ಆಗತೇನಿ ಅಂದ್ರ ಆವಾಗ ಅಂಜ್ರಿ. ಈಗೂ ನಾ ಸಣ್ಣ ವಿಡಿಯೋ ಬಿಟ್ಟಿಲ್ಲ. ಹೇಳೂ ಮಾತೆಲ್ಲಾ ವಿಡಿಯೋದಾಗ ಹೇಳಿ, ಉಳದ ಹೊತ್ತು ಹುಡುಗರ ಕೈ ಕೂಡ ಕಳೀತೇನಿ.

ನಿಮ್ಮ ಮನ್ಯಾಗೂ ಈಗ ಯಾರರೆ ಓದತಿರತಾರ. ಪಿಜಿ ಸೀಟಿಗೆ ಕೋಚಿಂಗ್ ತಗೋಳೂ ಮಗಳು, ನರ್ಸಿಂಗ್ ಓದೂ ನಾದಿನಿ, ಡಿಗ್ರಿ ಮುಗಸ್ಲಿಕತ್ತ ಸೊಸಿ. ಆಕಿ ಫೋನ್ ಹಿಡಕೊಂಡು ಕೂತಾಗ "ಸುಮ್ಮನ ಕೂತಾಳ" ಅಂತ ಕರೀಬ್ಯಾಡ್ರಿ. ಬಾಗಲಾ ಮುಂದ ಮಾಡ್ರಿ. ಕುಕ್ಕರ್ ಆಮ್ಯಾಲೆ ಇಟ್ರೂ ನಡೀತದ. ಮತ್ತ ಆಕಿ ಬಂದು ನಿಮ್ಮ ಕೈ ಕೇಳಿದ್ರ ಕೊಡ್ರಿ.

ಹಂಗ ನೀವೂ ಒಂದು ಕಲೀರಿ. ಮನ್ಯಾಗ ಹಿರೇರು ಇದ್ರ ಅವರನ್ನ ಕೇಳಿ ಮಣಿಕಟ್ಟಿನ ಮ್ಯಾಲೆ ಮೂರು ಬೆರಳಿಡ್ರಿ. ನಿಮ್ಮ ಹೆಬ್ಬೆರಳು ಇಡಬ್ಯಾಡ್ರಿ, ಅದರೊಳಗ ನಿಮ್ಮದ ನಾಡಿ ಬಡೀತದ. ಗಡಿಯಾರ ನೋಡಿ ಪೂರಾ ಒಂದು ನಿಮಿಷ. ಸುಮ್ಮನ ಕೂತಾಗ ಅರವತ್ತರಿಂದ ನೂರರ ಒಳಗ ಇರಬೇಕು, ಗಡಿಯಾರದ ಟಿಕ್ ಟಿಕ್‌ಗತೆ ಸಮ ಬರಬೇಕು. ತಾಳ ಪೂರ್ತಿ ತಪ್ಪೇದ ಅನಿಸಿದ್ರ ಅಂಜಬ್ಯಾಡ್ರಿ, ಆದ್ರ ಸುಮ್ಮನೂ ಕೂಡಬ್ಯಾಡ್ರಿ, ಡಾಕ್ಟರಿಗೆ ತೋರಿಸಿ ಒಂದು ಇಸಿಜಿ ತಗಸ್ರಿ. ಎಲ್ಲಾ ಸರಿ ಇದ್ರೂ ಲುಕ್ಸಾನ ಏನಿಲ್ಲ, ಒಂದು ನಿಮಿಷ ಅವರ ಕೈ ಹಿಡಕೊಂಡು ಕೂತಂಗ ಆತು.